ಅಮ್ಮ ನೋಡಿದ ಮೂರನೇ ಮ್ಯೂಸಿಯಂ

ನನ್ನ ಮಗಳು ಮಂಗಳೂರಿನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಕಳೆದ ದಸರಾ ರಜೆಯಲ್ಲಿ, ಪರೀಕ್ಷೆ ಹತ್ತಿರವಿದೆ, ಊರಿಗೆ ಬರುವುದಿಲ್ಲ ಅಂದಳು. ಹಾಗಾದರೆ ನಾವೇ ಬರುತ್ತೇವೆ ಎಂದು ನಾನೂ ನನ್ನ ಅಮ್ಮನೂ ಹೊರಟೆವು. ನಾನು ದೇವನಹಳ್ಳಿಯ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮ್ಮ ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ನಮ್ಮ ಹಳ್ಳಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಎಪ್ಪತ್ತಕ್ಕೆ ಹತ್ತಿರವಾದರೂ ಎರಡು ಸೀಮೆಹಸುಗಳ ಹಾಲನ್ನು ತಾನೇ ಕರೆದು ಡೇರಿಗೆ ಹಾಕಿ ಬರುವವಳು. ನಾಲ್ಕು ದಿನ ಹಸುಗಳನ್ನು ಸೊಸೆಯ ಕೈಗೆ ಬಿಟ್ಟು ಬಾ ಎಂದು ಒಪ್ಪಿಸಲು ನನಗೆ ಒಂದು ವಾರ ಹಿಡಿಯಿತು.

ಅಮ್ಮ ಅದುವರೆಗೆ ಸಮುದ್ರ ನೋಡಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಕರೆದುಕೊಂಡು ಹೋದರೆ ದೂರದಲ್ಲೇ ಮರಳಿನ ಮೇಲೆ ಕೂತು, "ಇಷ್ಟ್ ನೀರಿಟ್ಕೊಂಡು ಒಂದ್ ಗುಟುಕು ಕುಡಿಯಂಗಿಲ್ವಲ್ಲ" ಅಂದಳು. ಒಂಬತ್ತು ಗಂಟೆಗೆಲ್ಲ ಬಿಸಿಲು ಸುಡಲು ಶುರುವಾಯಿತು. ಬೆವರು ಒರೆಸಿಕೊಂಡು ಒರೆಸಿಕೊಂಡು ಅವಳ ಸೆರಗು ಒದ್ದೆಯಾಗಿತ್ತು. ಮಗಳು, "ಈ ಬಿಸಿಲಲ್ಲಿ ತಿರುಗೋದು ಬೇಡ. ನೆರಳಲ್ಲಿ ನೋಡೋ ಜಾಗಕ್ಕೆ ಹೋಗೋಣ, ಇಲ್ಲಿ ಮ್ಯೂಸಿಯಂಗಳು ಇದಾವೆ" ಅಂದಳು.

ಮೊದಲು ಹೋದದ್ದು ಹಳೆಯ ಬಂಗಲೆಯೊಂದರ ಒಳಗಿದ್ದ ಮ್ಯೂಸಿಯಂಗೆ. ನಾಣ್ಯ, ಕತ್ತಿ, ವೀರಗಲ್ಲು ಇವನ್ನೆಲ್ಲ ಅಮ್ಮ ಸುಮ್ಮನೆ ನೋಡುತ್ತಾ ಬಂದಳು. ಕೊನೆಯ ಕೋಣೆಯಲ್ಲಿ ಹಗ್ಗ ಕಟ್ಟಿದ ಜಾಗದೊಳಗೆ ಒಂದು ಬೀಸುವ ಕಲ್ಲು ಇಟ್ಟಿದ್ದರು. ಅಮ್ಮ ನಕ್ಕಳು. "ಇದನ್ನ ನೋಡಕ್ಕೂ ಟಿಕೀಟಾ? ನಮ್ಮನೆ ಹಿತ್ಲಲ್ಲಿ ಕೋಳಿ ಹತ್ಕೊಂಡು ಕೂತಿರ್ತವೆ." ಎರಡನೆಯ ಮ್ಯೂಸಿಯಂನಲ್ಲಿ ತಿಮಿಂಗಿಲದ ಪಕ್ಕೆಲುಬು ಇತ್ತು. ನಮ್ಮ ಮನೆಯ ತೊಲೆಗಿಂತ ಉದ್ದ. ಅಮ್ಮ ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಹೆಜ್ಜೆ ಎಣಿಸಿದಳು. ಅವಳಿಗೆ ಮ್ಯೂಸಿಯಂ ಹಿಡಿಸಿಬಿಟ್ಟಿತು. ಇನ್ನೂ ಎಲ್ಲಾದರೂ ಇದೆಯಾ ಎಂದು ಅವಳೇ ಕೇಳಿದಳು.

ಮರುದಿನ ಮಗಳು ಅಂಗರಚನೆಯ ಮ್ಯೂಸಿಯಂ ತೋರಿಸುತ್ತೇನೆ ಅಂದಳು. ಅದು ಒಂದು ಕಾಲೇಜಿನ ಕಟ್ಟಡದಲ್ಲಿತ್ತು. ಮನುಷ್ಯನ ಹೃದಯ, ಮೆದುಳು, ಮೂಳೆಗಳನ್ನು ಗಾಜಿನ ಜಾಡಿಗಳಲ್ಲಿ ಇಟ್ಟಿರುತ್ತಾರೆ, ಓದುವ ಮಕ್ಕಳ ಮನೆಯವರೂ ಬಂದು ನೋಡುತ್ತಾರೆ ಎಂದಳು. ಅಮ್ಮ ಹೆದರಬಹುದೇನೋ ಎಂದು ನಾನು ಅನುಮಾನಿಸಿದೆ. ಅಮ್ಮನೇ, "ಕುರಿ ಕುಯ್ಯೋದ್ ನೋಡಿಲ್ವಾ ನಾನು, ನಡೀರಿ" ಅಂದಳು.

ಒಳಗೆ ಔಷಧಿಯ ಘಾಟು ವಾಸನೆ. ಬಾಗಿಲಲ್ಲಿ ಖಾಕಿ ಅಂಗಿಯ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗಳು ಶ್ವಾಸಕೋಶ ತೋರಿಸಿ, ಬೀಡಿ ಸೇದಿದರೆ ಹೀಗೆ ಕಪ್ಪಾಗುತ್ತೆ ಅಜ್ಜಿ ಎಂದು ವಿವರಿಸುತ್ತಾ ಮುಂದೆ ಹೋದಳು. ನಾನು ಮೊಣಕಾಲಿನ ಕೀಲು ನೋಡುತ್ತಾ ಹಿಂದೆ ಉಳಿದೆ. ಸ್ವಲ್ಪ ಹೊತ್ತಿಗೆ ಮಗಳ ದನಿ ನಿಂತಿತು. ತಿರುಗಿ ನೋಡಿದರೆ ಅವರಿಬ್ಬರೂ ಗೋಡೆಯ ಪಕ್ಕದ ಉದ್ದನೆಯ ಕಪಾಟಿನ ಮುಂದಿದ್ದರು. ಅದರಲ್ಲಿ ಸಾಲಾಗಿ ಜಾಡಿಗಳು. ಹೊಟ್ಟೆಯಲ್ಲಿ ಮಗು ತಿಂಗಳಿಂದ ತಿಂಗಳಿಗೆ ಹೇಗೆ ಬೆಳೆಯುತ್ತದೆ ಎಂದು ತೋರಿಸುವ ಸಾಲು ಅದು. ಮೊದಲಿನದು ಹುರುಳಿಕಾಳಿನಷ್ಟು. ಕೊನೆಯದು ತುಂಬಿದ ಮಗು.

ಅಮ್ಮ ಒಂದು ಜಾಡಿಯ ಮುಂದೆ ನಿಂತಿದ್ದಳು.

"ಇದೆಷ್ಟು ತಿಂಗಳದು?" ಅಂದಳು.

ಮಗಳು ಚೀಟಿ ಓದಿದಳು. "ಏಳು ತಿಂಗಳು, ಅಜ್ಜಿ."

"ಸುಳ್ಳು."

"ಇಲ್ಲ ಅಜ್ಜಿ, ಬರ್ದಿದೆ ನೋಡು. ಇಪ್ಪತ್ತೆಂಟು ವಾರ."

"ಏಳು ತಿಂಗಳಿಗೆ ಏನೂ ಆಗಿರಲ್ಲ ಕಣಮ್ಮ. ಬರೀ ಮಾಂಸದ ಮುದ್ದೆ ಅದು. ಕೈ ಕಾಲು ಇರಲ್ಲ."

ನಾನು ಹತ್ತಿರ ಹೋದೆ. ಜಾಡಿಯಲ್ಲಿದ್ದ ಮಗು ಮಂಡಿ ಮಡಚಿ, ಗಲ್ಲದ ಕೆಳಗೆ ಮುಷ್ಟಿ ಇಟ್ಟುಕೊಂಡಿತ್ತು. ಬೆರಳಲ್ಲಿ ಉಗುರಿತ್ತು. ಮುಚ್ಚಿದ ಕಣ್ಣಿಗೆ ರೆಪ್ಪೆಗೂದಲು. ನೆತ್ತಿಯ ಮೇಲೆ ಎಳೆ ಕೂದಲು.

"ಹಂಗಂತ ಯಾರ್ ಹೇಳಿದ್ರು ಅಜ್ಜಿ?" ಮಗಳು ಕೇಳಿದಳು.

"ನಮ್ಮತ್ತೆ ಹೇಳಿದ್ಲು" ಅಂದಳು ಅಮ್ಮ. ಅವಳ ಕಣ್ಣು ಗಾಜಿನಿಂದ ಕದಲಲಿಲ್ಲ. "ನಂಗೆ ಏಳಕ್ಕೇ ಹೋಯ್ತಲ್ಲ, ಅವಾಗ."

ನನಗೆ ಆಗ ನಲವತ್ತಾರು ವರ್ಷ. ನಾನೇ ಹಿರಿಯಳು, ನನ್ನ ನಂತರ ತಮ್ಮ, ಅಷ್ಟೇ ಎಂದು ತಿಳಿದು ಬೆಳೆದವಳು. ಹತ್ತನೇ ತರಗತಿಯ ಮಕ್ಕಳಿಗೆ ಭ್ರೂಣದ ಬೆಳವಣಿಗೆಯನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ನಮ್ಮಮ್ಮನ ಹೊಟ್ಟೆಯಲ್ಲಿ ನನಗಿಂತ ಮುಂಚೆ ಒಂದು ಮಗು ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅಮ್ಮನ ತೋಳು ಹಿಡಿದುಕೊಂಡೆ. ಅದು ತಣ್ಣಗಿತ್ತು. ಅವಳು ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಹೊರಗೆ ಕರೆತಂದು ಜಗಲಿಯ ಕಲ್ಲುಬೆಂಚಿನ ಮೇಲೆ ಕೂರಿಸಿದೆವು. ಮಗಳು ನೀರು ತಂದಳು. ಅಮ್ಮ ಕುಡಿಯದೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು.

ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚಿನ ಮಾತು. ರಾಗಿ ಪೈರಿಗೆ ಕಳೆ ತೆಗೆಯುವ ಕಾಲ. ಬೆಳಿಗ್ಗೆ ಹೊಲದಲ್ಲಿ ಕೂತಿದ್ದಾಗ ನೋವು ಬಂತಂತೆ. ಮನೆಗೆ ನಡೆದುಕೊಂಡೇ ಬಂದಳು. ಮನೆಯಲ್ಲಿ ಇದ್ದವರು ನನ್ನ ಅಜ್ಜಿ, ಅಂದರೆ ಅಮ್ಮನ ಅತ್ತೆ, ಮತ್ತೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಸೋದರತ್ತೆ ಏನನ್ನೋ ಹಳೇ ಸೀರೆಯಲ್ಲಿ ಸುತ್ತಿಕೊಂಡು ನಡುಮನೆಗೆ ಹೋದದ್ದು ಅಮ್ಮನಿಗೆ ಕಂಡಿತು. ಅಜ್ಜಿ ಬಂದು ಹಣೆ ಒರೆಸಿ, ಏನೂ ಬೆಳೆದಿರಲಿಲ್ಲ, ಬರೀ ಮುದ್ದೆ, ನೋಡೋ ಅಂಥದ್ದೇನಿಲ್ಲ ಮಲಗು ಅಂದಳು.

"ಒದೀತಿತ್ತು ಕಣಮ್ಮ" ಅಂದಳು ಅಮ್ಮ. "ಬಲಗಡೆ ಒದೀತಿತ್ತು. ಮುದ್ದೆ ಹೆಂಗೆ ಒದೀತದೆ ಅಂತ ನಾನ್ಯಾಕೆ ಕೇಳ್ಲಿಲ್ಲ?"

"ನೀನಿನ್ನೂ ಚಿಕ್ಕವಳು ಅಮ್ಮ ಅವಾಗ."

"ಮೂರು ದಿನಕ್ಕೆ ಎದೆ ತುಂಬ್ಕೊಳ್ತು. ಹಾಲು ಬತ್ತಲಿ ಅಂತ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಕಟ್ಟಿದ್ರು. ಅವಾಗ್ಲೂ ಕೇಳ್ಲಿಲ್ಲ."

ಅಮ್ಮ ಮಲ್ಲಿಗೆ ಮುಡಿಯುವುದಿಲ್ಲ. ತಲೆನೋವು ಬರುತ್ತದೆ ಎಂದು ಮದುವೆ ಮನೆಗಳಲ್ಲಿ ಹೇಳುತ್ತಿದ್ದಳು. ನಾನು ಅದನ್ನು ನಂಬಿಕೊಂಡಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು, ಇನ್ನೊಂದು ಸಲ ನೋಡಬೇಕು ಅಂದಳು. ನಾನು ಬೇಡ ಅಂದೆ. ಅವಳು ನನ್ನ ಮಾತು ಕೇಳಿಸಿಕೊಳ್ಳದವಳ ಹಾಗೆ ನಡೆದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಕುರ್ಚಿಯಲ್ಲಿದ್ದವರು, "ಚಪ್ಪಲ್ ತೆಗಿಲಿಕ್ಕೆ ಇಲ್ಲ ಅಮ್ಮ, ಹಾಗೇ ಬನ್ನಿ" ಅಂದರು. ಅಮ್ಮ ಬರಿಗಾಲಲ್ಲೇ ಹೋಗಿ ಆ ಜಾಡಿಯ ಮುಂದೆ ನಿಂತು, ಕಪಾಟಿನ ಗಾಜಿಗೆ ಅಂಗೈ ಇಟ್ಟು ಅಳತೆ ನೋಡಿದಳು. ಮಗುವಿನ ತಲೆ ಅವಳ ಅಂಗೈಯೊಳಗೆ ಹಿಡಿಸುವಷ್ಟಿತ್ತು. ನನ್ನ ಮಗಳು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ನಾನೇ ಕರಕೊಂಡ್ಬಂದೆ, ನಾನೇ ಓದಿ ಹೇಳ್ದೆ ಎಂದು ಅವಳು ಆ ದಿನವಿಡೀ ಅದನ್ನೇ ಹೇಳಿದಳು.

ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಪ್ಪನ ಬಗ್ಗೆಯೇ ಯೋಚಿಸುತ್ತಿದ್ದೆ. ಅಪ್ಪ ತೀರಿಕೊಂಡು ಆರು ವರ್ಷ. ನನ್ನ ಹತ್ತಿರ ಏನನ್ನೂ ಮುಚ್ಚಿಡದವನು ಎಂದುಕೊಂಡಿದ್ದೆ. ಅಜ್ಜಿಯೂ ಹೋಗಿ ಎಷ್ಟೋ ಕಾಲವಾಗಿತ್ತು. ಕೇಳಲು ಉಳಿದವಳು ಸೋದರತ್ತೆಯೊಬ್ಬಳೇ. ಆವತಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು.

ಬಂದ ಮೂರನೇ ದಿನ ಅಮ್ಮನೇ ಫೋನ್ ಮಾಡಿ, "ಆವತಿಗೆ ಹೋಗ್ಬೇಕು, ಸ್ಕೂಟರ್ ತಗೊಂಬಾ" ಅಂದಳು.

ಸೋದರತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಮ್ಮ ಎದುರಿಗೆ ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು, ಸುಲಿಯುತ್ತಲೇ ಕೇಳಿದಳು.

"ಅತ್ಗೆ, ನಂಗೆ ಏಳು ತಿಂಗ್ಳಿಗೆ ಹೋಯ್ತಲ್ಲ. ಅದು ಏನಾಗಿತ್ತು?"

ಅತ್ತೆಯ ಕೈ ನಿಂತಿತು. ಕೇಳಿಸಲಿಲ್ಲವೇನೋ ಎಂದು ನಾನು ಜೋರಾಗಿ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಹೆಣ್ಣು" ಅಂದಳು.

"ಕೈ ಕಾಲೆಲ್ಲ ಇತ್ತಾ?"

"ಎಲ್ಲ ಇತ್ತು."

"ಸತ್ತೇ ಹುಟ್ತಾ?"

ಅತ್ತೆ ಮಡಿಲಲ್ಲಿದ್ದ ಸಿಪ್ಪೆಗಳನ್ನು ಕೊಡವಿದಳು. ಒಳಗೆ ಅವಳ ಸೊಸೆ ಕುಕ್ಕರಿನ ಮುಚ್ಚಳ ತೆಗೆದ ಸದ್ದಾಯಿತು.

"ಇಲ್ಲ. ಒಂದ್ ಹಂಡೆ ನೀರು ಕಾಯೋವಷ್ಟೊತ್ತು ಇತ್ತು. ನನ್ ಮಡ್ಲಲ್ಲೇ ಇತ್ತು. ಬೆಕ್ಕಿನ್ ಮರಿ ಥರ ಒಂದ್ ಸದ್ದು ಮಾಡ್ತು, ಆಮೇಲೆ ಅದೂ ಇಲ್ಲ."

ಅಮ್ಮನ ಕೈಯಿಂದ ಅವರೆಕಾಳು ನೆಲಕ್ಕೆ ಚೆಲ್ಲಿದವು. ಆ ಸದ್ದನ್ನು ಅವಳೂ ಕೇಳಿದ್ದಳು. ಆಮೇಲೆ ನನಗೆ ಹೇಳಿದಳು, ಕೊಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿರಬೇಕು ಎಂದುಕೊಂಡು ಮಲಗಿದ್ದೆ ಎಂದು.

"ನನ್ ಕೈಗ್ಯಾಕೆ ಕೊಡ್ಲಿಲ್ಲ? ಗೋಡೆ ಆಚೆ ಇದ್ನಲ್ಲ ನಾನು."

"ಅವ್ವ ಬ್ಯಾಡ ಅಂದ್ಲು. ಅವ್ಳ್ದೂ ಹಿಂಗೇ ಒಂದು ಹೋಗಿತ್ತಂತೆ. ಮುಖ ನೋಡ್ಬಿಟ್ಟು ಆರು ತಿಂಗ್ಳು ಸರಿಯಾಗಿ ಉಣ್ಣಲಿಲ್ವಂತೆ. ಇವ್ಳು ನೋಡಿದ್ರೆ ಮರೆಯಲ್ಲ, ಮುದ್ದೆ ಅಂತ ಹೇಳ್ತೀನಿ ಅಂದ್ಲು. ನಾನೂ ಹೂಂ ಅಂದೆ."

"ಇವ್ರಿಗೆ ಗೊತ್ತಿತ್ತಾ?" ಇವರು ಅಂದರೆ ಅಪ್ಪ.

"ಅವ್ನೇ ಅಲ್ವಾ ಗುಣಿ ತೆಗ್ದಿದ್ದು. ಮೇಲಿನ ಹೊಲದ ಬದೀಲಿ, ಹೊಂಗೆ ಗಿಡದ ಹತ್ರ."

ನಾನು ಅಲ್ಲಿಂದ ಎದ್ದು ಅಂಗಳಕ್ಕೆ ಹೋದೆ. ಆ ಹೊಲದ ಬದುವಿನ ಮೇಲೆ ನಾನು ಚಿಕ್ಕಂದಿನಲ್ಲಿ ಕುಣಿದಿದ್ದೇನೆ. ಹೊಂಗೆ ಹೂವು ಬಿದ್ದ ಮೇಲೆ ತಮ್ಮನೂ ನಾನೂ ಅಲ್ಲಿ ಗುಂಡಿ ತೋಡಿ ಆಟವಾಡುತ್ತಿದ್ದರೆ ಅಪ್ಪ ಓಡಿ ಬಂದು ಇಬ್ಬರಿಗೂ ಹೊಡೆದಿದ್ದ. ಅವನು ನಮ್ಮ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಹಾವಿರುತ್ತೆ ಅಂದಿದ್ದ.

ಒಳಗೆ ಬಂದಾಗ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅಮ್ಮ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಸೊಸೆ ಊಟಕ್ಕೆ ಏಳಿ ಅಂದಳು. ಅಮ್ಮ, "ಹಸು ಕರೆಯೋ ಹೊತ್ತಾಯ್ತು" ಎಂದು ಹೊರಟೇಬಿಟ್ಟಳು. ಆಗ ಗಂಟೆ ಒಂದೂವರೆ.

ಮುಂದಿನ ಸೋಮವಾರ ಅಮ್ಮ, ತಮ್ಮ, ನಾನು ಮೂವರೂ ಮೇಲಿನ ಹೊಲಕ್ಕೆ ಹೋದೆವು. ತಮ್ಮನಿಗೆ ಹಿಂದಿನ ದಿನವಷ್ಟೇ ಹೇಳಿದ್ದೆವು. ಅವನು ಬದುವಿನ ಲಂಟಾನ ಪೊದೆ ಕಡಿದು ಜಾಗ ಮಾಡಿದ. ಅಷ್ಟು ಚಿಕ್ಕ ಮಗುವಿಗೆ ಹಾಲು ತುಪ್ಪ ಬಿಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಊರಿನ ಒಬ್ಬಿಬ್ಬರು ಹಿರಿಯರು ಹೇಳಿದ್ದರು. ಅಮ್ಮ ತಾನು ಕರೆದ ಹಾಲನ್ನೇ ಚೊಂಬಿನಲ್ಲಿ ತಂದಿದ್ದಳು. ಸರಿಯಾದ ಜಾಗ ಯಾವುದೆಂದು ನಮಗೆ ಗೊತ್ತಿರಲಿಲ್ಲ. ಅವಳು ಹೊಂಗೆಮರದ ಸುತ್ತ, ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಸುರಿದಳು.

ಅದಾಗಿ ಎಂಟು ತಿಂಗಳಾಯಿತು. ಅಮ್ಮ ಮತ್ತೆ ಆವತಿಗೆ ಹೋಗಿಲ್ಲ. ಅತ್ತೆ ಮೊಮ್ಮಗನ ಕೈಲಿ ನಂಬರ್ ಒತ್ತಿಸಿ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಮ್ಮ ಫೋನ್ ತೆಗೆದುಕೊಂಡು ಮಳೆಯ ಬಗ್ಗೆ, ಹಸುವಿನ ಬಗ್ಗೆ ಮಾತಾಡಿ ಇಟ್ಟುಬಿಡುತ್ತಾಳೆ. ಹೋಗಿ ಬರೋಣ ಅಮ್ಮ, ಅವರಿಗೂ ವಯಸ್ಸಾಯ್ತು ಎಂದು ನಾನು ಎರಡು ಸಲ ಹೇಳಿದೆ.

"ಹೋಗನ" ಅಂದಳು ಅಮ್ಮ. "ಅವ್ಳ ಮೇಲೆ ಸಿಟ್ಟಿಲ್ಲ ಕಣಮ್ಮ. ಅವ್ಳ್ ಮುಖ ಕಂಡ್ರೆ, ಮಗೂನ ಎತ್ಕೊಂಡಿದ್ದು ಇವ್ಳೊಬ್ಳೇ ಅಂತ ಅನ್ಸುತ್ತೆ. ಅದ್ ಸ್ವಲ್ಪ ಕಮ್ಮಿಯಾಗ್ಲಿ."