ಕಾಕು ಬಿಟ್ಟ ಮೊಸರು

ಇವತ್ತು ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದಾಗ ಎಮ್ಮೆ ಮೊಸರಿನ ತಿಳಿಹುಳಿ ವಾಸನೆ ಬಂತು. ಬನಹಟ್ಟಿಯ ನಮ್ಮ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ನೆನಪಾದಳು…

ಗೋಡೆಗೆ ಗೋಡೆ ಹತ್ತಿದ ಮನೆ. ನಮ್ಮಲ್ಲಿ ಮಗ್ಗದ ಸದ್ದು, ಅವಳ ಹಿತ್ತಲಲ್ಲಿ ಎಮ್ಮೆಗಳು. ಹೆಪ್ಪಿಗೆಂದು ಒಂದು ಚಮಚ ಕೇಳಿದರೆ ಬಟ್ಟಲು ತುಂಬ ಮೊಸರು ಕೊಡುತ್ತಿದ್ದಳು. ಮೊಸರಿಲ್ಲದೆ ಅವಳಿಗೂ ರೊಟ್ಟಿ ಇಳಿಯುತ್ತಿರಲಿಲ್ಲ.

ಅಂಥವಳಿಗೆ ಕರುಳಿನ ಉರಿಯೂತ ಬಂತು. ಹೊಟ್ಟೆನೋವು, ಮಲದಲ್ಲಿ ರಕ್ತ. ಜಮಖಂಡಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಗುಳಿಗೆ ಬರೆದುಕೊಟ್ಟು, ದಿನಾ ಮೊಸರನ್ನೂ ತಿನ್ನಿರಿ ಎಂದರು. ಕರುಳಿನ ಒಳಗೆ ತೆಳ್ಳನೆಯ ಪೊರೆ ಇರುತ್ತದಂತೆ. ಮೊಸರಿನಲ್ಲಿರುವಂಥ ಕೆಲವು ಒಳ್ಳೆಯ ಜೀವಾಣುಗಳು ಅದನ್ನು ಉರಿಯೂತದಿಂದ ಕಾಯಬಹುದಂತೆ. ಖಾತ್ರಿ ಇಲ್ಲ, ಗುಳಿಗೆ ಮಾತ್ರ ಬಿಡಬೇಡಿ ಎಂದೂ ಹೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕು ನಕ್ಕಳು. “ಆ ಚೀಟಿ ಬೀರಪ್ಪನ ಹೆಸರಿಗೆ ಬರಸಬೇಕಿತ್ತ ತಂಗಿ. ನನ್ನ ಕೈಯಾಗ ಏನೈತಿ?”

ಆಗಲೇ ಗೊತ್ತಾದದ್ದು. ಹೊಟ್ಟೆ ನೆಟ್ಟಗಾಗುವ ತನಕ ಮೊಸರು ಮುಟ್ಟುವುದಿಲ್ಲ ಎಂದು ಬೀರಪ್ಪ ದೇವರಿಗೆ ಹರಕೆ ಹೊತ್ತಿದ್ದಳು. ನಮ್ಮ ಕಡೆ ದೇವರಿಗೆ ಬಿಡುವುದಾದರೆ ಬಹಳ ಪ್ರೀತಿಯದನ್ನೇ ಬಿಡಬೇಕು.

ಗುಳಿಗೆ ತಪ್ಪಿಸಲಿಲ್ಲ. ಆದರೆ ನಮಗೆಲ್ಲ ಮೊಸರು ಹಾಕಿ, ಬೆರಳಿಗೆ ಹತ್ತಿದ್ದನ್ನೂ ತೊಳೆದುಕೊಳ್ಳುತ್ತಿದ್ದಳು…

ಕೊನೆಗೆ ಗುಡಿಯ ಪೂಜಾರಿಯನ್ನು ಕೇಳಿದೆವು. “ಮೊದಲ ದೇವರಿಗೆ ಮೊಸರಿನ ನೈವೇದ್ಯ ಹಿಡೀರಿ. ಆಮ್ಯಾಲ ಅದು ಮೊಸರಲ್ಲಬೇ, ಪ್ರಸಾದ,” ಎಂದ. ಕಾಕುವಿನ ಮುಖ ಅರಳಿತು. ಆದರೂ ಬೀರಪ್ಪನ ಪೂಜೆ ನಡೆಯುವ ಅಮಾವಾಸ್ಯೆಯ ದಿನವೇ ಆಗಲಿ ಎಂದಳು.

ಅಮಾವಾಸ್ಯೆಯ ಹಿಂದಿನ ಸಂಜೆ, ಅವಳದೇ ಹೆಪ್ಪು ಹಾಕಿ ನಮ್ಮ ಮನೆಯಲ್ಲಿ ಗಡಿಗೆ ಇಟ್ಟೆ. ಬೆಳಗಾಗುವುದರೊಳಗೆ ರಕ್ತ ಹೋಗುವುದು ಹೆಚ್ಚಾಗಿ ಅವಳನ್ನು ದವಾಖಾನೆಗೆ ಒಯ್ದರು. ಬಾಯಿಗೆ ಏನೂ ಹಾಕಬೇಡಿ ಎಂದರಂತೆ ಅಲ್ಲಿ. ಅವಳು ತಿರುಗಿ ಬರಲಿಲ್ಲ.

ಮೊಸರು ತಿಂದಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರೇ ಖಾತ್ರಿ ಕೊಟ್ಟಿರಲಿಲ್ಲ, ನಾನೇನು ಹೇಳಲಿ. ಬಾಯಿಗೆ ಅದರ ರುಚಿಯಾದರೂ ಹತ್ತುತ್ತಿತ್ತಲ್ಲ… ಆ ಕೊರಗು ಹೋಗಿಲ್ಲ.

ಆ ಗಡಿಗೆ ಚೆಲ್ಲಲು ಕೈ ಬರಲಿಲ್ಲ. ಅದರಿಂದಲೇ ಒಂದು ಚಮಚ ತೆಗೆದು ಹಾಲಿಗೆ ಹಾಕಿದ್ದೆ. ದೇವರು ದೊಡ್ಡವನು, ದಿನದಿಂದ ದಿನಕ್ಕೆ ಉಳಿಸಿಕೊಂಡು ಬಂದ ಆ ಹೆಪ್ಪು ಇಂದಿಗೂ ಕೆಟ್ಟಿಲ್ಲ.

ಇವತ್ತು ಅಮಾವಾಸ್ಯೆ. ಒಂದು ಬಟ್ಟಲು ಬೀರಪ್ಪನ ಮುಂದಿಟ್ಟು, ಪ್ರಸಾದವೆಂದು ಮನೆಯವರಿಗೆಲ್ಲ ಹಾಕಿದೆ. ಕಾಕುವಿನ ಪಾಲು ಬಟ್ಟಲಲ್ಲೇ ಉಳಿದಿದೆ…