ಕುಬೇರಪ್ಪನ ಮೊಣಕಾಲಿನ ಅಮಲು

ಕುಬೇರಪ್ಪನ ಎಡಗಾಲು ಹುಟ್ಟಿನಿಂದಲೇ ಸೊಟ್ಟ. ಮನೆಯಿಂದ ಬಾವಿಗೆ ಹೊರಟರೆ ಎರಡು ಊರಿನ ಸೀಮೆ ಮುಟ್ಟಿ ಬರುತ್ತಿದ್ದ. ಅದೇ ಮನುಷ್ಯ ಟ್ರ್ಯಾಕ್ಟರ್ ಹತ್ತಿದರೆ, ನವಲಗುಂದದ ಕರಿ ಎರಿಮಣ್ಣಿನ ಹೊಲದಲ್ಲಿ ಅವನು ಹೊಡೆದ ಸಾಲಿನ ಈ ತುದಿಗೆ ಬಗ್ಗಿ ನೋಡಿದವರಿಗೆ ಆ ತುದಿಯಲ್ಲಿ ಗದಗಿನ ಮಂದಿ ಚಹಾ ಕುಡಿಯುವುದು ಕಾಣುತ್ತಿತ್ತು. ಹಾವು ಕೂಡ ಆ ಸಾಲಿಗೆ ಇಳಿದರೆ ನಾಚಿ ನೆಟ್ಟಗೆ ಹರಿಯುತ್ತಿತ್ತು. ನಂಬದಿದ್ದರೆ ಬಿಡಿ, ಹಾವಿಗೇನೂ ನಷ್ಟವಿಲ್ಲ.

ಟ್ರ್ಯಾಕ್ಟರ್ ಶಂಕ್ರಪ್ಪ ಗೌಡರದು, ಲೈಸನ್ಸು ಮಾತ್ರ ಕುಬೇರಪ್ಪನದು. ಕುಂಟನಿಗೆ ಲೈಸನ್ಸು ಸಿಗುವುದೆಂದರೆ ಸುಮ್ಮನಾಯಿತೇ? ಅವನು ತಿರುಗಿದ ತಿರುಗಾಟಕ್ಕೆ ಕಚೇರಿಯ ಅಂಗಳದ ಬೇವಿನ ಗಿಡಕ್ಕೂ ಅವನ ಗುರುತು ಹತ್ತಿತ್ತು. ಕೊನೆಗೆ ಸಿಕ್ಕಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎದೆಯ ಮೇಲೆ ಲಿಂಗದ ಕರಡಿಗೆಯ ಮಗ್ಗುಲಿಗೇ ಇಟ್ಟುಕೊಂಡಿದ್ದ. ಅದು ಹೋದರೆ ಇನ್ನೊಂದು ಸಿಗುವಂತಿರಲಿಲ್ಲ. ಅದಿಲ್ಲದೆ ಗೌಡರು ಸ್ಟಿಯರಿಂಗ್ ಮುಟ್ಟಗೊಡುವಂತೆಯೂ ಇರಲಿಲ್ಲ.

ಎಪ್ಪತ್ತೈದನೆಯ ಇಸವಿಯ ಮಾಘದ ಚಳಿಗೆ ಅವನ ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು. ಹೆಂಡತಿ ನೀಲಕ್ಕ ಒಂದು ಮುಂಜಾನೆ ಅರ್ಧ ಬಾಟಲಿ ಸರಾಯಿ ತರಿಸಿ ಆ ಮೊಣಕಾಲಿಗೆ ಗಸಗಸ ತಿಕ್ಕಿದಳು. ಹೊಟ್ಟೆಗೆ ಒಂದು ಹನಿಯೂ ಹೋಗಲಿಲ್ಲ. ಬಾಟಲಿ ನೀಲಕ್ಕನ ಕೈಯಲ್ಲಿರುವಾಗ ಹೋಗುವ ಮಾತೂ ಅಲ್ಲ.

ಅಣ್ಣಿಗೇರಿ ದಾರಿಯಲ್ಲಿ ಹೊಸದಾಗಿ ಬಂದ ಪೊಲೀಸ್ ಫೌಜದಾರರು ಟ್ರ್ಯಾಕ್ಟರ್ ನಿಲ್ಲಿಸಿದರು. ಟ್ರೇಲರಿನಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳು, ಅವುಗಳ ಮೇಲೆ ನೀಲಕ್ಕ ಮತ್ತು ಅವರದೇ ಓಣಿಯ ನಾನು. ಸರಾಯಿಯ ಘಾಟು ಎಷ್ಟಿತ್ತೆಂದರೆ, ಮೇಲೆ ಹಾರುತ್ತಿದ್ದ ಕಾಗೆಯೊಂದು ದಾರಿ ತಪ್ಪಿ ಹುಬ್ಬಳ್ಳಿಯ ಕಡೆ ಹೋಯಿತು.

"ಇಳೀಲೇ ಕೆಳಗ! ಮುಂಜಾನೆ ಮುಂಜಾನೆ ಏರಿಸೀಯೇನು? ತಾ ಲೈಸನ್ಸು."

"ಏರಿಸಿಲ್ರಿ, ತಿಕ್ಕಿಸೀನ್ರಿ," ಎಂದ ಕುಬೇರಪ್ಪ. ಇಳಿದು ಎರಡು ಹೆಜ್ಜೆ ಇಟ್ಟದ್ದೇ ತಡ, ಅವನ ನಡಿಗೆ ನೋಡಿ ಫೌಜದಾರರಿಗೆ ಇನ್ನೇನೂ ಸಾಕ್ಷಿ ಬೇಕೆನಿಸಲಿಲ್ಲ.

ಅವನ ಕೈ ಎದೆಯ ಮೇಲಿನ ಪ್ಲಾಸ್ಟಿಕ್ಕಿಗೆ ಹೋಗಿ ನಿಂತಿತು. ಬಸ್ಸು ತಪ್ಪಿದಾಗ ಇದೇ ಟ್ರ್ಯಾಕ್ಟರಿನಲ್ಲಿ ಕೋರ್ಟಿಗೆ ಹೋಗುತ್ತಿದ್ದ ವೆಂಕಣ್ಣ ವಕೀಲರು ಬಾಡಿಗೆಯ ಬದಲು ಹೇಳುತ್ತಿದ್ದ ಕಾಯ್ದೆ ಅವನಿಗೆ ನೆನಪಾಯಿತು. "ಕುಬೇರಪ್ಪಾ, ಪೊಲೀಸರು ಹಿಡದ್ರ ಓಡಬ್ಯಾಡ, ಒದರಬ್ಯಾಡ. ಡಾಕ್ಟರಿಗೆ ತೋರಸ್ರಿ ಅನ್ನು. ಲೈಸನ್ಸು ತೊಗೊಂಡ್ರ ಪಾವತಿ ಚೀಟಿ ಕೇಳು. ಮತ್ತ ನೆನಪಿಡು, ಗಾಡಿ ಹಿಡತಕ್ಕ ಬರಲಾರದಷ್ಟು ಕುಡದಿರಬೇಕು, ಆವಾಗ ಗುನ್ಹೆ. ಹಾಂಗಂತ ಬರದದ."

"ಲೈಸನ್ಸು ಕೊಡತೀನ್ರಿ, ಪಾವತಿ ಬರದ ಕೊಡ್ರಿ. ಮತ್ತ ನನ್ನ ಡಾಕ್ಟರಿಗೆ ತೋರಸ್ರಿ," ಎಂದ ಕುಬೇರಪ್ಪ.

ಫೌಜದಾರರು ಹುಬ್ಬೇರಿಸಿದರು. ಆದರೆ ಕೇಳಿದ್ದು ತಪ್ಪಾಗಿರಲಿಲ್ಲ. ಪಾವತಿ ಬರೆದುಕೊಟ್ಟರು. ಪೊಲೀಸಪ್ಪನೊಬ್ಬ ಟ್ರ್ಯಾಕ್ಟರನ್ನು ಗೊರಗೊರ ಅನ್ನಿಸುತ್ತ ದವಾಖಾನೆಗೆ ತಂದ.

ಡಾಕ್ಟರು ಪ್ರಭಂಜನರಾಯರು ನಾಲಿಗೆ ನೋಡಿದರು, ನಾಡಿ ಹಿಡಿದರು, ಬಾಯಿ ಮೂಸಿದರು. "ಬಾಯಾಗ ಉಳ್ಳಾಗಡ್ಡಿ ಬಿಟ್ರ ಏನೂ ಇಲ್ಲ," ಎಂದರು.

"ಹಂಗಾದ್ರ ಈ ವಾಸನಿ?" ಎಂದರು ಫೌಜದಾರರು.

ಕುಬೇರಪ್ಪ ಧೋತರ ಎತ್ತಿದ. ಡಾಕ್ಟರು ಬಗ್ಗಿ ಮೊಣಕಾಲು ಮೂಸಿ, ತಲೆ ತಿರುಗಿ ಕುರ್ಚಿ ಹಿಡಿದುಕೊಂಡರು.

ಫೌಜದಾರರಿಗೆ ಸಮಾಧಾನವಾಗಲಿಲ್ಲ. "ಒಂದಿಷ್ಟು ತಿಕ್ಕಿ ಒಂದಿಷ್ಟು ಕುಡದಿದ್ರ? ನೆಟ್ಟಗ ನಡಸಿ ನೋಡ್ರಿ."

ಅಂಗಳದಲ್ಲಿ ಸುಣ್ಣದ ಗೆರೆ ಎಳೆದರು. ಕುಬೇರಪ್ಪ ಗೆರೆಯ ಮೇಲೆ ಹೊರಟವನು ಬೇವಿನ ಗಿಡ ಸುತ್ತಿ, ಕಂಪೌಂಡಿಗೆ ಭೆಟ್ಟಿಕೊಟ್ಟು, ಗೆರೆಗೆ ಎಲ್ಲೆಲ್ಲೂ ಸಂಬಂಧವಿಲ್ಲದೆ ಆಚೆ ತುದಿ ಮುಟ್ಟಿದ. ಫೌಜದಾರರು ಲೈಸನ್ಸನ್ನು ಕಿಸೆಗೆ ಇಳಿಸಿ ಗುಂಡಿ ಹಾಕಿದರು. ಆ ಗುಂಡಿಯನ್ನು ನೋಡಿ ಕುಬೇರಪ್ಪನ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು.

"ಸಾಹೇಬ್ರ," ನೀಲಕ್ಕ ಅಂಡಿಗೆಯ ಮೇಲಿಂದಲೇ ಕೂಗಿದಳು, "ಲಗ್ನದಾಗ ಹಂದರದಾಗಿಂದ ನನ್ನ ಕಡೆ ಹೊಂಟಾಂವ ಬಾಜೂ ಮನಿ ಹಂದರಕ್ಕ ಹೋಗಿ ನಿಂತಿದ್ದ! ಅವತ್ತೂ ಕುಡದಿದ್ದಿಲ್ಲ. ಕುಡದಿದ್ರ ನೆಟ್ಟಗ ಬರತಿದ್ನೋ ಏನೋ."

ಡಾಕ್ಟರು ನಕ್ಕರು. ಕುಬೇರಪ್ಪ ನಗಲಿಲ್ಲ. "ಸಾಹೇಬ್ರ, ಕಾಯ್ದೆದಾಗ ಏನಂತ ಐತ್ರಿ? ಕಾಲು ಹಿಡತದಾಗ ಇರಬೇಕಂತೋ, ಗಾಡಿ ಹಿಡತದಾಗ ಇರಬೇಕಂತೋ?"

ಫೌಜದಾರರು ಕಿಸೆಯ ಗುಂಡಿಯ ಮೇಲೆ ಕೈಯಿಟ್ಟರು. ಕಾಯ್ದೆ ಅವರಿಗೂ ಗೊತ್ತಿತ್ತು. "ಗಾಡಿ," ಎಂದರು.

"ಹಂಗಾದ್ರ ಗಾಡಿ ನಡಸಿ ನೋಡ್ರಿ. ನಿಮ್ಮ ಪೊಲೀಸಪ್ಪ ಬಾಜೂಕ ಕೂಡ್ರಲಿ."

"ಹೊಡಿ. ಆದರ ಗೆರಿ ಮ್ಯಾಲೆ ಹಿಂದಕ್ಕ ಹೊಡಿ, ಟ್ರೇಲರ್ ಸಮೇತ."

ತುಂಬಿದ ಟ್ರೇಲರನ್ನು ಹಿಂದಕ್ಕೆ ಹೊಡೆಯುವುದೆಂದರೆ ಮೊಂಡು ಎಮ್ಮೆಯನ್ನು ಬಾಲ ಹಿಡಿದು ಮನೆಯೊಳಗೆ ನಡೆಸಿದಂತೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತದೆ. ನಾನು ಕಣ್ಣು ಮುಚ್ಚಿಕೊಂಡೆ. ನೀಲಕ್ಕ ಅಡಕೆ ಎಲೆ ಹಾಕಿಕೊಂಡಳು.

ಎಡಗಾಲು ಕ್ಲಚ್ಚಿನ ಮೇಲೆ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು. ಗಾಡಿ ನಿಂತಾಗ ನೋಡಿದರೆ ಅಂಗಳದಲ್ಲಿ ಸುಣ್ಣದ ಗೆರೆಯೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಅದು ಚಕ್ರಕ್ಕೆ ಹತ್ತಿಕೊಂಡು ಹೋಗಿತ್ತು.

ಫೌಜದಾರರು ಗುಂಡಿ ಬಿಚ್ಚಿ ಲೈಸನ್ಸು ಕೊಟ್ಟರು. "ಇನ್ನ ಮೊಣಕಾಲಿಗೆ ಬ್ಯಾರೆ ಏನರ ತಿಕ್ಕೋ ಮಾರಾಯಾ."

"ಎಳ್ಳೆಣ್ಣಿ ತಿಕ್ಕತೀನ್ರಿ," ಎಂದಳು ನೀಲಕ್ಕ. "ಆ ವಾಸನಿಗೆ ನಾಯಿ ಬೆನ್ನ ಹತ್ತಿದ್ರೂ ಹತ್ತಲಿ, ನೀವು ಹತ್ತೂದು ತಪ್ಪತೈತಿ."

ಕುಬೇರಪ್ಪ ಆಮೇಲೆ ಬಹಳ ವರ್ಷ ಟ್ರ್ಯಾಕ್ಟರ್ ನಡೆಸಿದ. ಅಣ್ಣಿಗೇರಿ ದಾರಿಯ ಆ ಜಾಗ ಬಂದಾಗಲೆಲ್ಲ ಯಾರೂ ಕೈ ಮಾಡದಿದ್ದರೂ ತಾನೇ ಗಾಡಿ ನಿಲ್ಲಿಸಿ, ಧೋತರ ಮೇಲೆತ್ತಿ ಮೊಣಕಾಲು ಮುಂದೆ ಮಾಡುತ್ತಿದ್ದ. ಫೌಜದಾರರು ಮೂಗು ಮುಚ್ಚಿಕೊಂಡು, ಹೋಗು ಹೋಗು ಎಂದು ಕೈ ಬೀಸುತ್ತಿದ್ದರು.