ಇಸ್ತ್ರಿಯಕ್ಕನ ಮೂರನೇ ಪರೀಕ್ಷೆ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ, ಇಸ್ತ್ರಿಯಕ್ಕ ಒಂದು ಕಡೆ ನಿಲ್ಲುತ್ತಿಲ್ಲ. ಚಾದರಕ್ಕೆ ಇಸ್ತ್ರಿ ಒತ್ತುತ್ತಾರೆ, ಗಡಿಯಾರ ನೋಡುತ್ತಾರೆ, ತುಟಿಯಲ್ಲೇ ಏನೋ ಗೊಣಗುತ್ತಾರೆ, ಮತ್ತೆ ಗಡಿಯಾರ. ಹತ್ತಕ್ಕೆ ಮೇಲ್ವಿಚಾರಕಿ ಹುದ್ದೆಯ ಇಂಗ್ಲಿಷ್ ಪರೀಕ್ಷೆ. ಎರಡು ಸಲ ನಪಾಸಾಗಿದ್ದಾರೆ. ಇದೇ ಕೊನೆ, ನಾಲ್ಕನೇ ಸಲ ಕೂರಲು ಬಿಡುವುದಿಲ್ಲ.

"ರಾತ್ರಿ ಮೂರಕ್ಕೇ ಎದ್ದು ಕೂತೆ ಕಣ್ರೀ. ಮಾಡಿದ ಚಹಾನೂ ಮರೆತು ಬಂದೆ," ಎನ್ನುತ್ತಾರೆ.

ದಿನಕ್ಕೆ ಮುನ್ನೂರು ಚಾದರ, ನೂರೈವತ್ತು ದಿಂಬಿನ ಚೀಲ. ಹತ್ತೊಂಬತ್ತು ವರ್ಷ ಆವಿಯ ಮುಂದೆ ನಿಂತು ಮೊಣಕಾಲು ಸೋತುಹೋಗಿವೆ. ಪಾಸಾದರೆ ಕುರ್ಚಿ ಸಿಗುತ್ತದೆ. ಓದು ಏಳನೇ ಕ್ಲಾಸಿಗೇ ನಿಂತಿತ್ತು. ಇಂಗ್ಲಿಷ್ ಕಲಿತದ್ದು ಮಗಳ ಶಾಲೆಯ ಪುಸ್ತಕದಿಂದ, ಅದೂ ತಮ್ಮದೇ ದಾರಿಯಲ್ಲಿ. ಹರಿದ ಚಾದರದ ಚೂರುಗಳ ಮೇಲೆ ಒಂದೊಂದು ಪದ ಬರೆದು, ಬಟ್ಟೆ ವಿಂಗಡಿಸಿದಂತೆ ವಾಕ್ಯವನ್ನೂ ವಿಂಗಡಿಸುತ್ತಾರೆ. ಪಾಳಿ ಶುರುವಾಗುವ ಮುಂಚೆ ಅರ್ಧ ಗಂಟೆ ಜೊತೆಯವರಿಗೂ ಇದೇ ಪಾಠ.

"'ದಿ ಓಲ್ಡ್ ನರ್ಸ್ ಈಸ್ ಸ್ಲೀಪಿಂಗ್ ಇನ್ ದಿ ಚೇರ್.' ಯಾರು ಅಂತ ಕೇಳ್ರೇ. ದಿ ಓಲ್ಡ್ ನರ್ಸ್. ಮೂರೂ ಪದ ಒಂದೇ ಗಂಟು, ಎಡಕ್ಕಿಡಿ. ಏನ್ಮಾಡ್ತಿದಾಳೆ? ಉಳಿದಿದ್ದೆಲ್ಲ ಬಲಕ್ಕೆ. ಅದರೊಳಗೆ 'ಇನ್ ದಿ ಚೇರ್' ಒಂದು ಸಣ್ಣ ಗಂಟು, ಎಲ್ಲಿ ಅಂತ ಹೇಳುತ್ತೆ. ಅದನ್ನ ಬಿಚ್ಚಿ ಹರಡಬೇಡಿ."

ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ. ಕಳೆದ ವರ್ಷ ಅಕ್ಕ ಪ್ರತಿ ವಾಕ್ಯವನ್ನೂ ಸರಿಯಾಗಿಯೇ ಬಿಡಿಸಿದರು. ಆದರೆ ಸಬ್ಜೆಕ್ಟ್, ಪ್ರೆಡಿಕೇಟ್, ಪ್ರಿಪೊಸಿಷನಲ್ ಫ್ರೇಸ್ ಎಂದು ಬರೆಯಬೇಕಾದಲ್ಲಿ ಎಡಗಂಟು, ಬಲಗಂಟು, ಒಳಗಂಟು ಎಂದು ಬರೆದು ಬಂದರು! ನಾಲ್ಕು ಅಂಕದಲ್ಲಿ ಹೋಯಿತು. ಅವರಿಂದಲೇ ಕಲಿತ ಹುಡುಗಿ ಪಾಸಾಗಿ ಈಗ ಅವರಿಗೇ ಮೇಲ್ವಿಚಾರಕಿ.

"ಅಕ್ಕ ನನ್ನ ಮೇಡಂ ಅಂತಾರೆ. ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ," ಎನ್ನುತ್ತಾಳೆ ಆ ಹುಡುಗಿ.

"ನನಗೂ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ ಅಕ್ಕ. "ಎರಡು ದಿನ ಅವಳ ಹತ್ರ ಮಾತೇ ಆಡ್ಲಿಲ್ಲ. ಆಮೇಲೆ, ಪಾಪ, ಅವಳದೇನು ತಪ್ಪು?"

ಈ ಸಲ ಗಂಟುಗಳಿಗೆ ಪುಸ್ತಕದ ಹೆಸರನ್ನೇ ಬರೆದು, ಹನ್ನೆರಡಕ್ಕೆ ಪರೀಕ್ಷೆ ಮುಗಿಸಿ ಅಕ್ಕ ನೇರ ಇಸ್ತ್ರಿ ಮೇಜಿಗೆ ಬರುತ್ತಾರೆ. ಫಲಿತಾಂಶ ನಾಲ್ಕಕ್ಕೆ. ಎರಡು ಸಲ ಮೆಟ್ಟಿಲು ಹತ್ತಿ, ಸೂಚನಾ ಫಲಕ ನೋಡುವ ಧೈರ್ಯವಾಗದೆ ಇಳಿದು ಬರುತ್ತಾರೆ. ದಿಂಬಿನ ಚೀಲವೊಂದು ಸುಟ್ಟೇ ಹೋಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಕೊನೆಗೆ ಮೇಲ್ವಿಚಾರಕಿಯೇ ಓಡಿ ಬರುತ್ತಾಳೆ. "ಅಕ್ಕಾ, ಪಾಸು! ನೂರಕ್ಕೆ ಅರವತ್ತೆಂಟು!"

ಅಕ್ಕ ಒಗೆದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಯಾರೂ ಸಮಾಧಾನ ಮಾಡಲು ಹೋಗುವುದಿಲ್ಲ.

ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಮೂಗು ಒರೆಸಿಕೊಂಡು ಹೇಳುತ್ತಾರೆ: "ರಜೆ ಚೀಟಿ ಬರೀತೀನಿ. ಇಲ್ಲಿ ಇಂಗ್ಲಿಷಲ್ಲೇ ಕೊಡ್ಬೇಕು, ಇಷ್ಟು ವರ್ಷ ಗುಮಾಸ್ತರ ಕೈಲಿ ಬರೆಸ್ತಿದ್ದೆ. ಅವರಿಗೆ ಬರ್ತಿದ್ದ ಕಾರಣ ಎರಡೇ, ಜ್ವರ ಮತ್ತೆ ಹೊಟ್ಟೆನೋವು. ಕಲಿತ ಮೇಲೂ ನನ್ನ ಕೈಯಲ್ಲಿ ಬರೆಯೋಕೆ ಧೈರ್ಯ ಬರಲಿಲ್ಲ. ಈಗ ನಾನೇ ಬರೀತೀನಿ, ಮಗಳ ಜೊತೆ ಒಂದು ದಿನ ಮನೇಲಿರಬೇಕು ಅಂತ. ಅಷ್ಟೇ. ನಿಜವಾದ ಕಾರಣ."